ಓದುಗರ ಪ್ರಶ್ನೆ: ಎರರ್ ಇಲ್ಲ, ಆದರೂ 1900 ಅಧಿಕ ವರ್ಷ ಅನ್ನುತ್ತದೆ. ಯಾಕೆ?

ಪ್ರಶ್ನೆ: ಪೈಥಾನ್ ಕಲಿಯುತ್ತಿದ್ದೇನೆ. ಕೊಟ್ಟ ವರ್ಷ ಲೀಪ್ ಇಯರ್, ಅಂದರೆ ಅಧಿಕ ವರ್ಷ ಹೌದೋ ಅಲ್ಲವೋ ಹೇಳುವ ಪ್ರೋಗ್ರಾಂ ಬರೆದೆ. 4ರಿಂದ ಭಾಗವಾದರೆ ಅಧಿಕ ವರ್ಷ, 100ರಿಂದ ಭಾಗವಾದರೆ ಅಲ್ಲ, 400ರಿಂದ ಭಾಗವಾದರೆ ಮತ್ತೆ ಅಧಿಕ ವರ್ಷ, ಈ ಮೂರೂ ನಿಯಮ ಹಾಕಿದ್ದೇನೆ. 2023, 2024ಕ್ಕೆ ಉತ್ತರ ಸರಿ ಬರುತ್ತದೆ. 1900 ಕೊಟ್ಟರೆ ಮಾತ್ರ ಅಧಿಕ ವರ್ಷ ಅನ್ನುತ್ತದೆ. ಎಲಿಫ್ (ಮೇಲಿನ ಇಫ್‌ಗೆ 'ಇಲ್ಲ' ಬಂದರೆ ಮಾತ್ರ ಕೇಳುವ ಪ್ರಶ್ನೆ) ತೆಗೆದು ಎಲ್ಲ ಕಡೆ ಇಫ್ ಹಾಕಿ ನೋಡಿದೆ, ಇನ್ನೂ ಗೋಜಲಾಯಿತು. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಮೂರೂ ನಿಯಮ ಸರಿ ಇವೆ. ಅವುಗಳ ಕ್ರಮ ತಪ್ಪಿದೆ. ಎರರ್ ಬರಲಿಲ್ಲ ಅಂತ ಸಮಾಧಾನ ಪಡಬೇಡಿ. ಬರೆದ ಸಾಲುಗಳು ಪೈಥಾನ್‌ಗೆ ಅರ್ಥವಾದರೆ ಎರರ್ ಬರುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ನಿಮ್ಮ ಪ್ರೋಗ್ರಾಂ ಹೆಚ್ಚುಕಡಿಮೆ ಹೀಗಿರಬೇಕು. ಇಫ್, ಪ್ರಿಂಟ್ ಇವನ್ನು ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. 'ವರ್ಷ' ಅನ್ನುವ ಹೆಸರನ್ನು ಮಾತ್ರ ಕನ್ನಡದಲ್ಲೇ ಬಿಡಬಹುದು, ಪೈಥಾನ್ 3 ಅದನ್ನು ಒಪ್ಪುತ್ತದೆ.

ಇಫ್ ವರ್ಷ % 4 == 0:
    ಪ್ರಿಂಟ್("ಅಧಿಕ ವರ್ಷ")
ಎಲಿಫ್ ವರ್ಷ % 100 == 0:
    ಪ್ರಿಂಟ್("ಸಾಮಾನ್ಯ ವರ್ಷ")
ಎಲಿಫ್ ವರ್ಷ % 400 == 0:
    ಪ್ರಿಂಟ್("ಅಧಿಕ ವರ್ಷ")
ಎಲ್ಸ್:
    ಪ್ರಿಂಟ್("ಸಾಮಾನ್ಯ ವರ್ಷ")

% ಅಂದರೆ ಭಾಗಿಸಿದಾಗ ಉಳಿಯುವ ಶೇಷ. ಈಗ 1900 ಕೊಡಿ. 4ರಿಂದ ಭಾಗಿಸಿದರೆ ಶೇಷ ಸೊನ್ನೆ. ಮೊದಲ ಸಾಲಿಗೇ 'ಹೌದು' ಸಿಕ್ಕಿತು. 'ಅಧಿಕ ವರ್ಷ' ಅಂತ ಪ್ರಿಂಟ್ ಆಯಿತು. ಅಲ್ಲಿಗೆ ಇಡೀ ಸರಣಿ ಮುಗಿಯಿತು. ಕೆಳಗಿನ ಎಲಿಫ್‌ಗಳ ಕಡೆ ಪೈಥಾನ್ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. 100ರಿಂದ ಭಾಗವಾಗುವ ಪ್ರತಿ ಸಂಖ್ಯೆಯೂ 4ರಿಂದ ಭಾಗವಾಗುತ್ತದೆ. ಅಂದರೆ ನಿಮ್ಮ ಎರಡನೆಯ, ಮೂರನೆಯ ಪ್ರಶ್ನೆಗೆ 'ಹೌದು' ಅನ್ನಬಲ್ಲ ಒಂದು ವರ್ಷವೂ ಅಲ್ಲಿಯವರೆಗೆ ಬಂದು ಮುಟ್ಟುವುದಿಲ್ಲ. ಆ ನಾಲ್ಕು ಸಾಲು ಸುಮ್ನೆ ಅಲ್ಲಿವೆ. ಅಳಿಸಿ ಹಾಕಿದರೂ ಪ್ರೋಗ್ರಾಂ ಕೊಡುವ ಉತ್ತರ ಒಂದಿಷ್ಟೂ ಬದಲಾಗದು. 2000ಕ್ಕೆ ಸರಿ ಉತ್ತರ ಬರುತ್ತದೆ ನಿಜ, ಆದರೆ ಅದು 400ರ ನಿಯಮದಿಂದ ಬಂದದ್ದಲ್ಲ. 4ರ ನಿಯಮಕ್ಕೆ ಸಿಕ್ಕಿಬಿದ್ದು ಬಂದ ಉತ್ತರ ಅದು.

ಈ ನಿಯಮಗಳು ಹುಟ್ಟಿದ್ದು ಹೇಗೆ ಅಂತ ತಿಳಿದರೆ ಕ್ರಮ ತಾನೇ ಹೊಳೆಯುತ್ತದೆ. ಋತುಗಳ ಒಂದು ಸುತ್ತು ಮುಗಿಯಲು ಸುಮಾರು 365.2422 ದಿನ ಬೇಕು. ಹಳೆಯ ಜೂಲಿಯನ್ ಕ್ಯಾಲೆಂಡರ್ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸುತ್ತಿತ್ತು, ಅಂದರೆ ಸರಾಸರಿ 365.25. ಸ್ವಲ್ಪ ಜಾಸ್ತಿಯಾಯಿತು. ಆ ಸ್ವಲ್ಪವೇ ಶತಮಾನಗಳಲ್ಲಿ ದಿನಗಟ್ಟಲೆ ಬೆಳೆಯಿತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂತು. ಮತ್ತೆ ಹಾಗಾಗದಿರಲಿ ಅಂತ ಶತಮಾನದ ವರ್ಷಗಳನ್ನು ಹೊರಗಿಟ್ಟರು. ಎಲ್ಲವನ್ನೂ ಹೊರಗಿಟ್ಟರೆ ಕಡಿಮೆಯಾಗುತ್ತದೆ, ಹಾಗಾಗಿ 400ರಿಂದ ಭಾಗವಾಗುವವನ್ನು ಮತ್ತೆ ಒಳಗೆ ಸೇರಿಸಿದರು. ಹೀಗೆ 400 ವರ್ಷಗಳಲ್ಲಿ 97 ಅಧಿಕ ವರ್ಷ.

ನೋಡಿ, 4ರದ್ದು ನಿಯಮ. 100ರದ್ದು ಅದಕ್ಕೆ ವಿನಾಯಿತಿ. 400ರದ್ದು ಆ ವಿನಾಯಿತಿಗೂ ವಿನಾಯಿತಿ. ಎಲಿಫ್ ಸರಣಿಯಲ್ಲಿ ಮೊದಲು ಸಿಕ್ಕ 'ಹೌದು' ಗೆಲ್ಲುತ್ತದೆ. ಆದ್ದರಿಂದ ಅತಿ ಕಿರಿದಾದ ವಿನಾಯಿತಿ ಎಲ್ಲಕ್ಕಿಂತ ಮೇಲಿರಬೇಕು, ಎಲ್ಲವನ್ನೂ ಬಾಚಿಕೊಳ್ಳುವ ನಿಯಮ ಕೆಳಗಿರಬೇಕು.

ಇಫ್ ವರ್ಷ % 400 == 0:
    ಪ್ರಿಂಟ್("ಅಧಿಕ ವರ್ಷ")
ಎಲಿಫ್ ವರ್ಷ % 100 == 0:
    ಪ್ರಿಂಟ್("ಸಾಮಾನ್ಯ ವರ್ಷ")
ಎಲಿಫ್ ವರ್ಷ % 4 == 0:
    ಪ್ರಿಂಟ್("ಅಧಿಕ ವರ್ಷ")
ಎಲ್ಸ್:
    ಪ್ರಿಂಟ್("ಸಾಮಾನ್ಯ ವರ್ಷ")

ಈಗ ನಿಮ್ಮ ಎರಡನೆಯ ಪ್ರಯೋಗಕ್ಕೆ ಬರೋಣ. ಎಲಿಫ್ ತೆಗೆದು ಇಫ್ ಹಾಕಿದಾಗ ಒಂದು ಸರಣಿ ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ಒಡೆಯಿತು. ಪೈಥಾನ್ ಮೂರನ್ನೂ ಕೇಳುತ್ತದೆ. ಹಳೆಯ ಕ್ರಮದಲ್ಲೇ ಬಿಟ್ಟು 2000 ಕೊಟ್ಟರೆ ಮೂರು ಸಾಲು ಪ್ರಿಂಟ್ ಆಗುತ್ತದೆ: ಅಧಿಕ, ಸಾಮಾನ್ಯ, ಅಧಿಕ. ಮೊದಲು ಸರಿ ಇದ್ದ 2024 ಕೂಡ ಕೆಡುತ್ತದೆ. ಯಾಕೆಂದರೆ ಕೊನೆಯ ಎಲ್ಸ್ ಈಗ ಸೇರಿರುವುದು 400ರ ಇಫ್‌ಗೆ ಮಾತ್ರ. 2024 ಅನ್ನು 400 ಭಾಗಿಸುವುದಿಲ್ಲ, ಹಾಗಾಗಿ 'ಅಧಿಕ ವರ್ಷ' ಅಂದ ಮೇಲೆ 'ಸಾಮಾನ್ಯ ವರ್ಷ' ಅಂತಲೂ ಹೇಳುತ್ತದೆ.

ನೀವು ಬರೆದ ಆ ಕ್ರಮ ಬೇರೆ ರೀತಿಯ ಕೋಡ್‌ನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಪ್ರಿಂಟ್ ಮಾಡುವ ಬದಲು ಉತ್ತರವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ (ಟ್ರೂ ಅಂದರೆ ಹೌದು, ಫಾಲ್ಸ್ ಅಂದರೆ ಅಲ್ಲ):

ಅಧಿಕ = ಫಾಲ್ಸ್
ಇಫ್ ವರ್ಷ % 4 == 0:
    ಅಧಿಕ = ಟ್ರೂ
ಇಫ್ ವರ್ಷ % 100 == 0:
    ಅಧಿಕ = ಫಾಲ್ಸ್
ಇಫ್ ವರ್ಷ % 400 == 0:
    ಅಧಿಕ = ಟ್ರೂ

ಇಲ್ಲಿ ಪ್ರತಿ ಇಫ್ ಹಿಂದಿನ ಉತ್ತರವನ್ನು ತಿದ್ದುತ್ತಾ ಹೋಗುತ್ತದೆ, ಕೊನೆಯ 'ಹೌದು' ಗೆಲ್ಲುತ್ತದೆ. ಹಾಗಾಗಿ ಅಗಲವಾದ ನಿಯಮ ಮೊದಲು, ವಿನಾಯಿತಿ ಆಮೇಲೆ. ಎಲಿಫ್ ಸರಣಿಗೆ ಪೂರ್ತಿ ತಿರುಗುಮುರುಗು. ಇಫ್ ಹೇಗೆ ಬರೆಯಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಯಾವ 'ಹೌದು' ಗೆಲ್ಲುತ್ತದೆ ಅನ್ನುವುದನ್ನು ಮೊದಲ ಪಾಠದಲ್ಲೇ ಹೇಳಿಕೊಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

'ಇಲ್ಲ' ಅಂದಾಗ ಏನಾಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ ಝೂನ್ ಅನ್ನುವ ಮ್ಯೂಸಿಕ್ ಪ್ಲೇಯರ್‌ನ 30 ಜಿಬಿ ಮಾದರಿಗಳು ಒಂದೇ ದಿನ ಸ್ತಬ್ಧವಾದವು. ಕಾರಣ ಇದೇ ಅಧಿಕ ವರ್ಷದ ಲೆಕ್ಕ. ಅದರೊಳಗಿನ ಗಡಿಯಾರದ ಕೋಡ್, ಒಟ್ಟು ದಿನಗಳಿಂದ ಒಂದೊಂದೇ ವರ್ಷ ಕಳೆಯುತ್ತಾ ಇವತ್ತು ಯಾವ ವರ್ಷ ಅಂತ ಕಂಡುಹಿಡಿಯುತ್ತಿತ್ತು. ಉಳಿದ ದಿನ 365ಕ್ಕಿಂತ ಹೆಚ್ಚಿರುವವರೆಗೆ ಲೂಪ್, ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಸುತ್ತು, ತಿರುಗಬೇಕು. ಸಾಮಾನ್ಯ ವರ್ಷವಾದರೆ 365 ಕಳೆ. ಅಧಿಕ ವರ್ಷವಾದರೆ, ದಿನ 366ಕ್ಕಿಂತ ಹೆಚ್ಚಿದ್ದರೆ 366 ಕಳೆ. ಓದುವಾಗ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅಧಿಕ ವರ್ಷದ ಕೊನೆಯ ದಿನ ಉಳಿಯುವುದು ಸರಿಯಾಗಿ 366. ಅದು 365ಕ್ಕಿಂತ ಹೆಚ್ಚು, ಹಾಗಾಗಿ ಲೂಪ್ ನಿಲ್ಲುವಂತಿಲ್ಲ. 366ಕ್ಕಿಂತ ಹೆಚ್ಚಿಲ್ಲ, ಹಾಗಾಗಿ ಕಳೆಯುವಂತೆಯೂ ಇಲ್ಲ. ಒಳಗಿನ ಆ ಇಫ್‌ಗೆ ಎಲ್ಸ್ ಬರೆದಿರಲಿಲ್ಲ. ಲೂಪ್ ಅಲ್ಲೇ ಸುತ್ತುತ್ತಾ ಉಳಿಯಿತು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಟ್ಟು ಮರುದಿನ ಚಾರ್ಜ್ ಮಾಡಿ ಅಂತ ಕಂಪನಿ ಹೇಳಬೇಕಾಯಿತು.

ಹಾಗಾಗಿ ಇಫ್ ಬರೆದಾಗಲೆಲ್ಲ ಎರಡು ದಾರಿಯನ್ನೂ ಬೆರಳಿಟ್ಟು ಓದಿ. ಹೌದು ಅಂದರೆ ಎಲ್ಲಿಗೆ, ಇಲ್ಲ ಅಂದರೆ ಎಲ್ಲಿಗೆ. ಎಲ್ಸ್ ಬೇಡವಾದರೆ ಬಿಡಿ, ಆದರೆ ಯೋಚಿಸಿ ಬಿಡಿ. '>' (ಹೆಚ್ಚು) ಮತ್ತು '>=' (ಹೆಚ್ಚು ಅಥವಾ ಸಮ) ನಡುವೆ ಆರಿಸುವಾಗ ಗಡಿಯ ಮೇಲೆ ನಿಂತ ಸಂಖ್ಯೆಯನ್ನೇ ಹಾಕಿ ನೋಡಿ.

ಅಧಿಕ ವರ್ಷ ಮುಗಿದ ಮೇಲೆ ತಿಂಗಳಿಗೆ ಎಷ್ಟು ದಿನ ಅನ್ನುವ ಪ್ರೋಗ್ರಾಂ ಬರೆಯುವವರೇ ಜಾಸ್ತಿ. ಅಲ್ಲಿ ಇನ್ನೊಂದು ಹಳ್ಳ ಇದೆ. 30 ದಿನದ ತಿಂಗಳಿಗೆ 'ಇಫ್ ತಿಂಗಳು == 4 ಆರ್ 6 ಆರ್ 9 ಆರ್ 11' ಅಂತ ಬರೆದರೆ ಜನವರಿಗೂ 30 ದಿನ ಬರುತ್ತದೆ. ಪೈಥಾನ್ '6' ಅನ್ನುವುದನ್ನು ಪ್ರತ್ಯೇಕ ಪ್ರಶ್ನೆ ಅಂತ ತಿಳಿಯುತ್ತದೆ. ಸೊನ್ನೆಯಲ್ಲದ ಸಂಖ್ಯೆ ಅದಕ್ಕೆ ಯಾವಾಗಲೂ 'ಹೌದು'. 'ಇಫ್ ತಿಂಗಳು ಇನ್ (4, 6, 9, 11)' ಅಂತ ಬರೆಯಿರಿ.

ಪರೀಕ್ಷೆಗೆ ಕನಿಷ್ಠ ನಾಲ್ಕು ವರ್ಷ ಬೇಕು: 1900, 2000, 2023, 2024. ನಾಲ್ಕೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಉತ್ತರ ತಾಳೆ ನೋಡಲು ಎಕ್ಸೆಲ್ ಬಳಸಬೇಡಿ. ಹಳೆಯ ಲೋಟಸ್ 1-2-3 ಅನ್ನುವ ಸ್ಪ್ರೆಡ್‌ಶೀಟ್ ಜೊತೆ ಹೊಂದಿಕೊಳ್ಳಲಿ ಅಂತ ಅದು ಇವತ್ತಿಗೂ 1900ರಲ್ಲಿ ಫೆಬ್ರವರಿ 29 ಇತ್ತು ಅಂತಲೇ ಲೆಕ್ಕ ಹಾಕುತ್ತದೆ. ಪೈಥಾನ್‌ನ ಕ್ಯಾಲೆಂಡರ್ ಮಾಡ್ಯೂಲ್‌ನಲ್ಲಿ ಈಸ್‌ಲೀಪ್ ಅನ್ನುವ ಫಂಕ್ಷನ್ ಸಿದ್ಧವಾಗಿದೆ. 1600ರಿಂದ 2400ರವರೆಗೆ ಒಂದು ಲೂಪ್ ಹಾಕಿ. ನಿಮ್ಮ ಉತ್ತರ ಅದರ ಉತ್ತರಕ್ಕೆ ಹೊಂದದ ವರ್ಷ ಸಿಕ್ಕರೆ ಮಾತ್ರ ಪ್ರಿಂಟ್ ಆಗುವಂತೆ ಒಂದು ಇಫ್ ಬರೆಯಿರಿ. ಪರದೆ ಖಾಲಿ ಉಳಿದರೆ ನಿಮ್ಮ ಪ್ರೋಗ್ರಾಂ ಸರಿ ಇದೆ.