ಕಡಿಮೆ ಬೆಲೆಯ ಮ್ಯಾಂಡೊಲಿನ್: ಕೊಳ್ಳುವಾಗ ನೋಡಬೇಕಾದ್ದು, ಕೊಂಡ ಮೇಲೆ ಸರಿಪಡಿಸಬೇಕಾದ್ದು

ಮ್ಯಾಂಡೊಲಿನ್ ಕಲಿಯತೊಡಗಿ ಕೆಲವೇ ತಿಂಗಳಲ್ಲಿ ಕೈಚೆಲ್ಲಿದವರು ದುರಸ್ತಿಗೆ ತರುವ ವಾದ್ಯಗಳನ್ನು ಪರೀಕ್ಷಿಸುವಾಗ, ತೊಂದರೆಯಿದ್ದುದು ಅವರ ಬೆರಳುಗಳಲ್ಲಲ್ಲ, ವಾದ್ಯದಲ್ಲೇ ಎಂಬುದು ಬಹಳಷ್ಟು ಸಲ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ತಂತಿಗಳು ಮೆಟ್ಟಿಲುಗಳಿಂದ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ) ತೀರ ಎತ್ತರದಲ್ಲಿರುತ್ತವೆ, ಕುದುರೆ (ಮೇಲ್ಹಲಗೆಯ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ತುಂಡು) ತನ್ನ ಜಾಗದಲ್ಲಿರುವುದಿಲ್ಲ, ಎಷ್ಟು ಶ್ರುತಿ ಮಾಡಿದರೂ ಒತ್ತಿದ ಸ್ವರ ಅಪಸ್ವರವಾಗಿಯೇ ಕೇಳುತ್ತದೆ. ಕಾರ್ಖಾನೆಯಲ್ಲಿ ಮರವನ್ನು ಕೊರೆದು ಅಂಟಿಸುವ ಕೆಲಸವನ್ನು ಯಂತ್ರಗಳು ಬೇಗ ಮುಗಿಸುತ್ತವೆ. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿ), ಕುದುರೆ ಮತ್ತು ತಂತಿಗಳನ್ನು ಒಂದಕ್ಕೊಂದು ಹೊಂದಿಸುವುದು ಕೈಯಿಂದಲೇ ಆಗಬೇಕಾದ ನಿಧಾನದ ಕೆಲಸವಾದ್ದರಿಂದ ಬೆಲೆ ಇಳಿಸುವ ತಯಾರಕರು ಉಳಿತಾಯ ಮಾಡುವುದು ಅಲ್ಲಿಯೇ. ಹಾಗಾಗಿ ಅಗ್ಗದ ಮ್ಯಾಂಡೊಲಿನ್ ಕೊಳ್ಳುವವರು ಅದನ್ನು ಇನ್ನೂ ಪೂರ್ತಿ ಮುಗಿಯದ ವಾದ್ಯವೆಂದೇ ತಿಳಿದು, ಅದರಲ್ಲಿರುವ ದೋಷಗಳಲ್ಲಿ ಯಾವುವನ್ನು ತಿದ್ದಬಹುದು, ಯಾವುವನ್ನು ತಿದ್ದಲಾಗದು ಎಂಬುದನ್ನು ನೋಡಿ ಆರಿಸಬೇಕು.

ಆಕಾರದ ವಿಷಯವನ್ನು ಬೇಗ ಮುಗಿಸಬಹುದು. ಮೇಲ್ಭಾಗದಲ್ಲಿ ಸುರುಳಿಯಿರುವ ಎಫ್ ಶೈಲಿಯ ಮ್ಯಾಂಡೊಲಿನ್‌ಗೆ ಬೇಡಿಕೆ ಹೆಚ್ಚು. ಗಿಬ್ಸನ್ ಕಂಪನಿ 1922ರಲ್ಲಿ ಹೊರತಂದ ಎಫ್-5 ಮಾದರಿಗೂ ಅದನ್ನು ನುಡಿಸಿದ ಅಮೆರಿಕದ ಬ್ಲೂಗ್ರಾಸ್ ಸಂಗೀತಗಾರ ಬಿಲ್ ಮನ್ರೋ ಅವರ ಖ್ಯಾತಿಗೂ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಆ ಸುರುಳಿಯನ್ನು ಕೆತ್ತುವ ಶ್ರಮ ಬೆಲೆಯನ್ನು ಏರಿಸುತ್ತದೆಯೇ ಹೊರತು ನಾದಕ್ಕೆ ಹೇಳಿಕೊಳ್ಳುವಂಥದ್ದೇನನ್ನೂ ಕೂಡಿಸುವುದಿಲ್ಲ. ಸರಳವಾದ ಎ ಶೈಲಿಯ ವಾದ್ಯವನ್ನು ಆರಿಸಿ, ಉಳಿದ ಹಣವನ್ನು ಮೇಲ್ಹಲಗೆ ಪದರಗಳ ಪ್ಲೈವುಡ್ ಆಗಿರದೆ ಇಡೀ ಸ್ಪ್ರೂಸ್ ಮರದ್ದಾಗಿರುವ ವಾದ್ಯಕ್ಕೂ ಹೊಂದಾಣಿಕೆಯ ಕೂಲಿಗೂ ಇಡಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ತಿದ್ದಲಾಗದ, ಇಲ್ಲವೇ ತಿದ್ದಲು ವಾದ್ಯದ ಬೆಲೆಗಿಂತ ಹೆಚ್ಚು ಖರ್ಚಾಗುವ ದೋಷಗಳು ಮುಖ್ಯವಾಗಿ ಕತ್ತಿನಲ್ಲಿರುತ್ತವೆ. ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತಲೆಯ ಕಡೆಯಿಂದ ಕುದುರೆಯ ಕಡೆಗೆ ನೋಡಿದರೆ ಕತ್ತು ತಿರುಚಿಕೊಂಡಿದೆಯೇ ಎಂಬುದು ಕಾಣುತ್ತದೆ. ತಿರುಚಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಆಮೇಲೆ ಕುದುರೆಯ ಎತ್ತರವನ್ನು ಏರಿಳಿಸುವ ಎರಡು ತಿರುಗಣೆಗಳನ್ನು ನೋಡಬೇಕು. ಅವು ಪೂರ್ತಿ ಕೆಳಗಿಳಿದಿದ್ದರೂ ತಂತಿಗಳು ಹನ್ನೆರಡನೆಯ ಮೆಟ್ಟಿಲಿನ ಮೇಲೆ ಮೂರು ಮಿಲಿಮೀಟರ್‌ನಷ್ಟು ಎತ್ತರದಲ್ಲಿದ್ದರೆ ಕತ್ತನ್ನು ಕೂಡಿಸಿದ ಕೋನವೇ ತಪ್ಪಿರುವ ಸಾಧ್ಯತೆ ಹೆಚ್ಚು. ಕುದುರೆಯ ಕೆಳಗೆ ಮೇಲ್ಹಲಗೆ ತಗ್ಗಿದ್ದರೂ ಆ ವಾದ್ಯ ಬೇಡ. ಒಂದೊಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಮೀಟುತ್ತ ಹೋಗಿ, ಎಲ್ಲಾದರೂ ಸ್ವರ ಸತ್ತಂತಾಗುತ್ತದೆಯೇ ಎಂದು ಕೇಳಿಸಿಕೊಳ್ಳಿ; ಒಂದೆರಡು ಮೆಟ್ಟಿಲುಗಳು ಎದ್ದಿದ್ದರೆ ಕೂರಿಸಬಹುದು, ಹಲವು ಎದ್ದಿದ್ದರೆ ಅದು ದೊಡ್ಡ ಕೆಲಸ. ಬಿರಡೆಗಳು ಬಿಗಿಯಾಗಿವೆ ಎಂಬ ಕಾರಣಕ್ಕೆ ಮಾತ್ರ ವಾದ್ಯವನ್ನು ತಿರಸ್ಕರಿಸಬೇಕಾಗಿಲ್ಲ.

ಹೊಂದಾಣಿಕೆಯನ್ನು ನಟ್‌ನಿಂದ ಆರಂಭಿಸುವುದು ನನ್ನ ಪದ್ಧತಿ. ಹೊಸಬರು ನುಡಿಸುವುದೆಲ್ಲ ಮೊದಲ ಐದಾರು ಮೆಟ್ಟಿಲುಗಳಲ್ಲಿ, ನಟ್‌ನ ದೋಷ ಅತಿ ಹೆಚ್ಚು ಕಾಡುವುದೂ ಅಲ್ಲಿಯೇ. ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದು ಮೊದಲ ಮೆಟ್ಟಿಲಿನ ಮೇಲೆ ನೋಡಿದರೆ ಕೂದಲೆಳೆಯಷ್ಟು ಸಂದು ಮಾತ್ರ ಕಾಣಬೇಕು. ಸಂದು ಅದಕ್ಕಿಂತ ದೊಡ್ಡದಾಗಿದ್ದರೆ ಒತ್ತಿದಾಗಲೆಲ್ಲ ತಂತಿ ಅಗತ್ಯಕ್ಕಿಂತ ಹೆಚ್ಚು ಬಿಗಿದು ಸ್ವರ ಮೇಲೇರುತ್ತದೆ. ಒತ್ತದೆ ನುಡಿಸುವ ಬಿಡಿ ತಂತಿಗಳು ಶ್ರುತಿಯಲ್ಲಿದ್ದರೂ ಮೊದಲ ಮೆಟ್ಟಿಲುಗಳ ಸ್ವರಗಳು ಅಪಸ್ವರವಾಗುವುದರಿಂದ ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸತೊಡಗುತ್ತಾರೆ, ಮತ್ತು ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಟ್‌ನಲ್ಲಿ ತಂತಿ ಕೂರುವ ಕಚ್ಚನ್ನು ತಂತಿಯ ದಪ್ಪಕ್ಕೆ ಒಪ್ಪುವ ಅರದಿಂದ, ಬಿರಡೆಗಳ ಕಡೆಗೆ ತುಸು ಇಳಿಜಾರಾಗಿ, ಎರಡು ಮೂರು ಸಲ ಉಜ್ಜಿ ಮತ್ತೆ ಅಳೆಯುತ್ತ ಆಳಗೊಳಿಸಬೇಕು. ಹೆಚ್ಚು ಉಜ್ಜಿದರೆ ಬಿಡಿ ತಂತಿ ಮೆಟ್ಟಿಲಿಗೆ ತಗುಲಿ ಝರಝರ ಎನ್ನುತ್ತದೆ. ಆದ್ದರಿಂದ ಈ ಒಂದು ಕೆಲಸವನ್ನು ಅನುಭವಿಗಳಿಗೆ ಒಪ್ಪಿಸುವುದು ಒಳ್ಳೆಯದು. ಬಿರಡೆ ತಿರುಗಿಸುವಾಗ ಟಿಕ್ ಎಂಬ ಸದ್ದು ಬಂದು ಶ್ರುತಿ ತಟ್ಟನೆ ಜಿಗಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಅಲ್ಲಿಗೆ ಮೆತ್ತನೆಯ ಪೆನ್ಸಿಲ್‌ನ ಪುಡಿಯನ್ನು ಸವರಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಕುದುರೆಯನ್ನು ಮೇಲ್ಹಲಗೆಗೆ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುತ್ತದೆ. ಅದರ ಪಾದಗಳು ಮೇಲ್ಹಲಗೆಯ ಉಬ್ಬಿಗೆ ಪೂರ್ತಿ ಕೂರದೆ ನಡುವೆ ಬೆಳಕು ಕಂಡರೆ ನಾದದ ಒಂದಷ್ಟು ಭಾಗ ಅಲ್ಲೇ ಸೋರಿಹೋಗುತ್ತದೆ. ಮೇಲ್ಹಲಗೆಯ ಮೇಲೆ ಮರಳು ಕಾಗದವನ್ನು ಒರಟು ಮುಖ ಮೇಲಾಗುವಂತೆ ಅಂಟುಪಟ್ಟಿಯಿಂದ ಹಿಡಿಸಿ, ಕುದುರೆಯ ಪಾದವನ್ನು ಅದರ ಮೇಲೆ ಮೆಲ್ಲಗೆ ಉಜ್ಜಿದರೆ ಪಾದ ಆ ಉಬ್ಬಿನ ಆಕಾರವನ್ನೇ ಪಡೆಯುತ್ತದೆ. ಎತ್ತರವನ್ನು ಹನ್ನೆರಡನೆಯ ಮೆಟ್ಟಿಲಿನಲ್ಲಿ ಅಳೆದು, ಅತಿ ತೆಳುವಾದ ಇ ತಂತಿಗಳಿಗೆ ಸುಮಾರು 1.5 ಮಿಲಿಮೀಟರ್, ಅತಿ ದಪ್ಪನೆಯ ಜಿ ತಂತಿಗಳಿಗೆ 2 ಮಿಲಿಮೀಟರ್‌ನ ಆಸುಪಾಸಿಗೆ ತರಬೇಕು. ತಿರುಗಣೆಗಳನ್ನು ಏರಿಸುವ ಮುನ್ನ ತಂತಿಗಳನ್ನು ಸಡಿಲಿಸುವುದನ್ನು ಮರೆಯಬಾರದು.

ಇನ್ನು ಕುದುರೆಯ ಜಾಗ. ಮ್ಯಾಂಡೊಲಿನ್ ತಂತಿಯ ನುಡಿಯುವ ಭಾಗ ಸುಮಾರು 35 ಸೆಂಟಿಮೀಟರ್ ಮಾತ್ರ. ಅಷ್ಟು ಗಿಡ್ಡ ತಂತಿಯಲ್ಲಿ ಕುದುರೆ ಒಂದು ಮಿಲಿಮೀಟರ್ ಸರಿದರೂ ಹನ್ನೆರಡನೆಯ ಮೆಟ್ಟಿಲಿನ ಸ್ವರ ಬಿಡಿ ತಂತಿಗೆ ಹೋಲಿಸಿದರೆ ಸುಮಾರು 5 ಸೆಂಟ್‌ಗಳಷ್ಟು (ಸೆಂಟ್ ಎಂದರೆ ಅರ್ಧಸ್ವರದ ನೂರರಲ್ಲೊಂದು ಭಾಗ) ಬದಲಾಗುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಹಾರ್ಮೋನಿಕ್ ನುಡಿಸಿ, ಅಲ್ಲೇ ಒತ್ತಿ ನುಡಿಸಿದ ಸ್ವರದೊಡನೆ ಟ್ಯೂನರ್‌ನಲ್ಲಿ ಹೋಲಿಸಿ ನೋಡಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಸರಿಸಿ, ಮತ್ತೆ ಶ್ರುತಿ ಮಾಡಿ ಪರೀಕ್ಷಿಸಬೇಕು. ಕುದುರೆಯ ನೆತ್ತಿ (ತಂತಿಗಳು ಕೂರುವ ಮೇಲಿನ ತುಂಡು) ಹಿಂದುಮುಂದಾಗಿ ಕೂತಿರುವ ಹೊಸ ವಾದ್ಯಗಳೂ ಇರುತ್ತವೆ: ನೆತ್ತಿಯಲ್ಲಿ ಹಂತಗಳಿದ್ದರೆ ಇ ಮತ್ತು ಡಿ ತಂತಿಗಳ ಹಂತ ಕತ್ತಿನ ಕಡೆಗೂ, ಎ ಮತ್ತು ಜಿ ತಂತಿಗಳ ಹಂತ ಬಾಲದ ಕಡೆಗೂ ಇರಬೇಕು.

ಜೊತೆಗೆ ಬಂದ ತಂತಿಗಳನ್ನು ಬದಲಿಸುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ. 0.010 ಇಂಚಿನಿಂದ 0.038 ಇಂಚಿನವರೆಗಿನ ಲೈಟ್ ಸೆಟ್ ಹೊಸ ಬೆರಳುಗಳಿಗೂ ಕಡಿಮೆ ಬೆಲೆಯ ವಾದ್ಯದ ಮೇಲ್ಹಲಗೆಗೂ ಹಿತ. ಎಂಟೂ ತಂತಿಗಳನ್ನು ಒಮ್ಮೆಗೇ ಬಿಚ್ಚಿದರೆ ಕುದುರೆ ಕಳಚಿ ಬೀಳುತ್ತದೆ, ಕಷ್ಟಪಟ್ಟು ಕಂಡುಕೊಂಡ ಜಾಗವೂ ತಪ್ಪುತ್ತದೆ, ಒಂದೊಂದಾಗಿಯೇ ಬದಲಿಸಿ. ಹೊಸ ತಂತಿಗಳನ್ನು ಮತ್ತೆ ಮತ್ತೆ ಬಿಗಿಯುವಾಗ ಅವು ಕುದುರೆಯ ನೆತ್ತಿಯನ್ನು ಕತ್ತಿನ ಕಡೆಗೆ ಎಳೆಯುತ್ತವೆ. ಮೊದಲ ವಾರಗಳಲ್ಲಿ ಆಗಾಗ ವಾದ್ಯವನ್ನು ಪಕ್ಕದಿಂದ ನೋಡಿ, ಕುದುರೆ ವಾಲಿದ್ದರೆ ತಂತಿಗಳನ್ನು ಸ್ವಲ್ಪ ಇಳಿಸಿ, ಎರಡೂ ಕೈಗಳ ಬೆರಳುಗಳಿಂದ ನೆತ್ತಿಯನ್ನು ಹಿಡಿದು ನೇರ ಮಾಡಿ, ಆಮೇಲೆ ಶ್ರುತಿ ಮಾಡಬೇಕು.