ಲೇಬಲ್ ಹಿಡಿದಿಟ್ಟುಕೊಳ್ಳುವುದು ಬೇರೆ, ಬೆನ್ನಿಗೆ ನಿಲ್ಲುವುದು ಬೇರೆ

ರಾಕ್ ಬ್ಯಾಂಡಿನ ಗಿಟಾರ್ ವಾದಕರೊಬ್ಬರು ಸ್ವಂತ ಹೆಸರಿನಲ್ಲಿ ಆಲ್ಬಂ ಮಾಡಲು ಹೊರಟಾಗ ಸಾಮಾನ್ಯವಾಗಿ ನನ್ನ ಮುಂದೆ ಇಡುವುದು ಹೊಸ ಲೇಬಲ್ (ಧ್ವನಿಮುದ್ರಣ ಕಂಪನಿ) ಕಳುಹಿಸಿದ ಕರಾರಿನ ಕರಡನ್ನು. ನಾನು ಮೊದಲು ಓದಲು ಬಯಸುವುದು ಬೇರೊಂದು ಕಾಗದವನ್ನು: ವರ್ಷಗಳ ಹಿಂದೆ ಇಡೀ ಬ್ಯಾಂಡ್ ಒಟ್ಟಾಗಿ ಸಹಿ ಹಾಕಿದ ಹಳೆಯ ಕರಾರು. ಸೋಲೋ ಬದುಕಿನ ಅರ್ಧ ಭವಿಷ್ಯ ಅದರಲ್ಲಿ ಆಗಲೇ ಬರೆದಾಗಿರುತ್ತದೆ. ಸಹಿ ಹಾಕಿದ ದಿನ ಎಲ್ಲರಿಗೂ ಇಪ್ಪತ್ತರ ಹರೆಯ, ಬ್ಯಾಂಡ್ ಒಡೆಯಬಹುದೆಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಲೇಬಲ್‌ನ ವಕೀಲರಿಗೆ ಮಾತ್ರ ಇತ್ತು.

ಬ್ಯಾಂಡ್ ಕರಾರುಗಳಲ್ಲಿ ಹೊರಹೋಗುವ ಸದಸ್ಯರ ಕುರಿತು ಒಂದು ಷರತ್ತು ಬಹುತೇಕ ತಪ್ಪದೆ ಇರುತ್ತದೆ. ಸದಸ್ಯರಲ್ಲಿ ಯಾರೇ ಬ್ಯಾಂಡ್ ಬಿಟ್ಟರೂ ಅವರ ಮುಂದಿನ ಧ್ವನಿಮುದ್ರಣಗಳ ಮೇಲೆ ಮೊದಲ ಹಕ್ಕು ಅದೇ ಲೇಬಲ್‌ನದು ಎಂಬುದು ಅದರ ಸಾರ. ಬೇಕೆನಿಸಿದರೆ ಉಳಿಸಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ಆ ಆಯ್ಕೆ ಲೇಬಲ್‌ಗೆ ಸೇರಿದ್ದು, ವಾದಕರಿಗಲ್ಲ. ಇದರ ತೊಡಕೆಂದರೆ, ಗಾಯಕ ಬಿಟ್ಟು ಹೋದರೆ ಲೇಬಲ್‌ಗೆ ಅವನು ನಿಜವಾಗಿ ಬೇಕಾಗಿರುತ್ತಾನೆ, ಕೇಳುಗರು ಗುರುತಿಸುವ ದನಿ ಅವನದು. ಗಿಟಾರ್ ವಾದಕನ ವಿಷಯದಲ್ಲಿ ಅನೇಕ ಸಲ ಲೇಬಲ್ ಹಕ್ಕನ್ನು ಚಲಾಯಿಸುವುದು ಅವನು ಬೇರೆ ಕಡೆ ಗೆದ್ದುಬಿಟ್ಟರೆ ಎಂಬ ಅಳುಕಿನಿಂದ. ಅಳುಕಿನಿಂದ ಹಿಡಿದಿಟ್ಟುಕೊಂಡ ಕಲಾವಿದನಿಗೆ ಪ್ರಚಾರದ ಹಣ ಹರಿದುಬರುವುದನ್ನು ನಾನು ಕಂಡಿಲ್ಲ.

ಗಿಟಾರ್ ವಾದಕ ಜಾನ್ ಫ್ರುಶಾಂಟೆ 1992ರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಬ್ಯಾಂಡ್ ಬಿಟ್ಟಾಗ ಇಂಥ ಷರತ್ತಿನ ಬಲದಿಂದ ಅವರ ಸೋಲೋ ಆಲ್ಬಂನ ಹಕ್ಕು ವಾರ್ನರ್ ಬ್ರದರ್ಸ್ ಬಳಿ ಇತ್ತು. ಅವರು ಆಗ ಹೊರ ಜಗತ್ತಿನಿಂದ ದೂರವಾಗಿ ಬದುಕುತ್ತಿದ್ದರು. ಕಂಪನಿ ಹಕ್ಕನ್ನು ಬಿಟ್ಟುಕೊಟ್ಟಿತು. 1994ರಲ್ಲಿ ಆ ಆಲ್ಬಂ ಬಂದದ್ದು ರಿಕ್ ರೂಬಿನ್ ಅವರ ಅಮೆರಿಕನ್ ರೆಕಾರ್ಡಿಂಗ್ಸ್ ಮೂಲಕ. ಹಕ್ಕು ಇದ್ದ ಕಡೆ ಆಸಕ್ತಿ ಇರಲಿಲ್ಲ, ಆಸಕ್ತಿ ಇದ್ದ ಕಡೆಗೆ ಹಕ್ಕು ಬಂದಮೇಲೆ ಕೆಲಸ ನಡೆಯಿತು. ಆದ್ದರಿಂದ ಹಳೆಯ ಲೇಬಲ್‌ನಿಂದ ಲಿಖಿತ ಬಿಡುಗಡೆ ಸಿಗದೆ ಹೊಸ ಲೇಬಲ್ ಜೊತೆ ಮಾತಿಗೆ ಕುಳಿತುಕೊಳ್ಳಬೇಡಿ ಎಂದು ನನ್ನಲ್ಲಿ ಬರುವವರಿಗೆ ಹೇಳುತ್ತೇನೆ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಅಧಿಕಾರಿ ಆರು ತಿಂಗಳಲ್ಲಿ ಬೇರೆ ಕಂಪನಿಯಲ್ಲಿರುತ್ತಾರೆ.

ಬೇಡವಾಗುವುದಕ್ಕಿಂತ ಕೆಟ್ಟದ್ದೂ ಒಂದಿದೆ. ಅದು ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತದೆ. ಬ್ಯಾಂಡ್ ಪಡೆದ ಮುಂಗಡ ಇನ್ನೂ ತೀರದೆ ಉಳಿದಿದ್ದರೆ, ಅದನ್ನು ಸೋಲೋ ಆಲ್ಬಂನ ಆದಾಯದಿಂದ ವಸೂಲು ಮಾಡಿಕೊಳ್ಳಲು ಲೇಬಲ್‌ಗೆ ಅವಕಾಶ ಕೊಡುವ ಸಾಲೊಂದು ಕರಾರಿನ ನಡುವೆ ಎಲ್ಲೋ ಇರುತ್ತದೆ. ಎರಡು ಖಾತೆಗಳನ್ನು ಒಂದಕ್ಕೊಂದು ಹೊಣೆಯಾಗಿಸುವ ಈ ಸಾಲನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾಲ್ವರು ಸೇರಿ ಖರ್ಚು ಮಾಡಿದ ಹಣ, ಅದರಲ್ಲಿ ಮೂವರು ಈಗ ಇವರೊಡನೆ ಮಾತೂ ಆಡುತ್ತಿಲ್ಲ, ಆ ಬಾಕಿಯನ್ನು ಇವರೊಬ್ಬರ ಹೊಸ ಸಂಗೀತ ತೀರಿಸಬೇಕು. ಆ ಹೊಣೆಯನ್ನು ತನ್ನ ಪಾಲಾದ ನಾಲ್ಕನೇ ಒಂದು ಭಾಗಕ್ಕೆ ಮಿತಿಗೊಳಿಸುವುದು ಕನಿಷ್ಠ ಬೇಡಿಕೆ, ಎರಡು ಖಾತೆಗಳನ್ನು ಪೂರ್ತಿ ಬೇರ್ಪಡಿಸುವುದು ಸರಿಯಾದ ಬೇಡಿಕೆ. ಮುಂಗಡದಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ಇದನ್ನು ಗೆದ್ದುಕೊಳ್ಳಬೇಕು.

ಮುಂಗಡ ಎಂದರೇನು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಮುಂಗಡ ಒಂದು ಲಕ್ಷ ಡಾಲರ್, ರಾಯಲ್ಟಿ ಶೇ 15 ಎಂದುಕೊಳ್ಳಿ. ಆಲ್ಬಂನಿಂದ ಲೇಬಲ್‌ಗೆ ಬಂದ ಪ್ರತಿ ನೂರು ಡಾಲರ್‌ನಲ್ಲಿ 15 ಡಾಲರ್ ಮಾತ್ರ ವಾದಕರ ಖಾತೆಗೆ ಜಮೆಯಾಗುತ್ತದೆ. ಒಂದು ಲಕ್ಷ ತೀರಬೇಕಾದರೆ ಲೇಬಲ್‌ಗೆ ಸುಮಾರು 6.67 ಲಕ್ಷ ಬಂದಿರಬೇಕು. ಪ್ರವಾಸದ ನೆರವೆಂದು ಇನ್ನೂ 40 ಸಾವಿರ ಕೊಟ್ಟರು ಎನ್ನಿ. ಅದೂ ಸಾಮಾನ್ಯವಾಗಿ ಪೂರ್ತಿ ವಸೂಲಾಗುವ ಹಣವೇ. ಆಗ ಲೇಬಲ್‌ಗೆ 9.33 ಲಕ್ಷ ಬರುವವರೆಗೆ ವಾದಕರಿಗೆ ರಾಯಲ್ಟಿಯ ಒಂದು ಕಾಸೂ ಇಲ್ಲ. ನಿರ್ಮಾಪಕರಿಗೆ ಕೊಡುವ ಶೇ 3 ಆ 15ರ ಒಳಗಿನಿಂದಲೇ ಹೋಗುವುದಾದರೆ, ಉಳಿದ 12ರ ದರದಲ್ಲಿ ಮಿತಿ 11.67 ಲಕ್ಷಕ್ಕೆ ಏರುತ್ತದೆ. ಲೇಬಲ್ ತಾನು ಹಾಕಿದ ಹಣ ಹಿಂದಕ್ಕೆ ಪಡೆದು ಲಾಭ ಕಾಣುವ ಹೊತ್ತಿಗೂ ವಾದಕರ ಖಾತೆ ಬಾಕಿ ತೋರಿಸುತ್ತಿರಬಹುದು. ಆಲ್ಬಂ ಸೋತರೆ ಮುಂಗಡವನ್ನು ಕೈಯಿಂದ ಹಿಂದಿರುಗಿಸಬೇಕಿಲ್ಲ ಎಂಬುದು ದೊಡ್ಡ ಸಮಾಧಾನ. ಆ ಅಪಾಯವನ್ನು ಲೇಬಲ್ ಹೊರುತ್ತದೆ, ಅದಕ್ಕೆ ಬೆಲೆ ಕೇಳುವುದೂ ನ್ಯಾಯವೇ. ಆದರೆ ಈ ಹಣವನ್ನೇ ಬೆಂಬಲ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಇದರ ಬಹುಪಾಲನ್ನು ಕೊನೆಗೆ ವಾದಕರ ಪಾಲಿನಿಂದಲೇ ಮುರಿದುಕೊಳ್ಳುತ್ತಾರೆ.

ಹಾಗಾದರೆ ಬೆಂಬಲ ಯಾವುದು? ವಸೂಲಾಗದ ಖರ್ಚು, ಸಂಬಳ ಪಡೆದು ಆ ಆಲ್ಬಂಗಾಗಿ ದುಡಿಯುವ ಜನ, ಹಾಗೂ ಆ ವಾದಕರ ಕೇಳುಗರು ಎಲ್ಲಿದ್ದಾರೆ ಎಂಬ ಅರಿವು.

ಕೊನೆಯದನ್ನು ಸಣ್ಣ ಲೇಬಲ್‌ಗಳು ದೊಡ್ಡವರಿಗಿಂತ ಎಷ್ಟೋ ಚೆನ್ನಾಗಿ ಮಾಡಿ ತೋರಿಸಿವೆ. ಮೈಕ್ ವಾರ್ನಿ 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶ್ರಾಪ್ನೆಲ್ ರೆಕಾರ್ಡ್ಸ್ ಆರಂಭಿಸಿದರು. ಗಿಟಾರ್ ಪ್ಲೇಯರ್ ಪತ್ರಿಕೆಯಲ್ಲಿ ಹೊಸ ವಾದಕರನ್ನು ಪರಿಚಯಿಸುವ ಅಂಕಣವೂ ಆಗ ಅವರದೇ. ಜಗತ್ತಿನ ಮೂಲೆಮೂಲೆಗಳಿಂದ ಕ್ಯಾಸೆಟ್‌ಗಳು ಅವರ ಬಳಿಗೆ ಬರುತ್ತಿದ್ದವು, ಸ್ವೀಡನ್‌ನಿಂದ ಇಂಗ್ವೆ ಮಾಲ್ಮ್‌ಸ್ಟೀನ್ ಕಳುಹಿಸಿದ್ದೂ ಅವುಗಳಲ್ಲಿ ಒಂದು. ಮಾರ್ಟಿ ಫ್ರೀಡ್‌ಮನ್, ಜೇಸನ್ ಬೆಕರ್, ಟೋನಿ ಮ್ಯಾಕಲ್ಪೈನ್ ಅವರ ಮೊದಲ ಹೆಜ್ಜೆಗಳು ಮೂಡಿದ್ದು ಅಲ್ಲಿ. ಲೇಬಲ್ ಚಿಕ್ಕದು, ಕೈಯಲ್ಲಿದ್ದ ಹಣವೂ ಕಡಿಮೆ. ಆದರೆ ವೇಗದ ಗಿಟಾರ್ ವಾದನವನ್ನು ಕೇಳಲೆಂದೇ ಆಲ್ಬಂ ಕೊಳ್ಳುವ ಜನ ಯಾವ ಪತ್ರಿಕೆ ಓದುತ್ತಾರೆ ಎಂಬುದು ಆ ಲೇಬಲ್‌ಗೆ ಖಚಿತವಾಗಿ ಗೊತ್ತಿತ್ತು. ಹಾಡುಗಾರನಿಲ್ಲದ ಆಲ್ಬಂ ರೇಡಿಯೋದಲ್ಲಿ ಎಲ್ಲಿ ಸಲ್ಲುತ್ತದೆ ಎಂದು ದೊಡ್ಡ ಕಂಪನಿಯ ಪ್ರಚಾರ ವಿಭಾಗ ತಲೆ ಕೆರೆದುಕೊಳ್ಳುತ್ತಿದ್ದ ಕಾಲ ಅದು.

ಜೋ ಸಾಟ್ರಿಯಾನಿ ತಮ್ಮ ಮೊದಲ ಪೂರ್ಣ ಆಲ್ಬಂನ ಖರ್ಚನ್ನು ಕ್ರೆಡಿಟ್ ಕಾರ್ಡಿನಿಂದ ಭರಿಸಿದರು. 1986ರಲ್ಲಿ ಅದನ್ನು ಹೊರತಂದ ರೆಲೆಟಿವಿಟಿ ಎಂಬ ಸ್ವತಂತ್ರ ಲೇಬಲ್ ಮರುವರ್ಷ ಎರಡನೆಯದನ್ನೂ ಬಿಡುಗಡೆ ಮಾಡಿತು. ಪೂರ್ತಿ ವಾದ್ಯಸಂಗೀತದ ಆ ಎರಡನೇ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 29ನೇ ಸ್ಥಾನಕ್ಕೆ ಏರಿತು. ಸ್ಟೀವ್ ವಾಯ್ 1984ರಲ್ಲಿ ಮನೆಯ ಸ್ಟುಡಿಯೋದಲ್ಲಿ ಮುದ್ರಿಸಿದ ಆಲ್ಬಂ ಅನ್ನು ತಾವೇ ಪ್ರಕಟಿಸಿದರು, 1999ರಲ್ಲಿ ಫೇವರ್ಡ್ ನೇಷನ್ಸ್ ಎಂಬ ಸ್ವಂತ ಲೇಬಲ್ ಕಟ್ಟಿ ಇತರ ವಾದಕರಿಗೂ ನೆಲೆ ಕೊಟ್ಟರು. ಇಬ್ಬರ ದಾರಿಯಲ್ಲೂ ಒಂದು ಸಮಾನ ಅಂಶವಿದೆ: ಮುಗಿದ ಧ್ವನಿಮುದ್ರಣ ಕೈಯಲ್ಲಿ ಹಿಡಿದು ಮಾತುಕತೆಗೆ ಕುಳಿತವರು ಅವರು. ಕಾಗದದ ಮೇಲಿನ ಯೋಜನೆಗೆ ಲೇಬಲ್ ಕೊಡುವ ಬೆಲೆ ಒಂದು, ಕೇಳಿಸಿಕೊಳ್ಳಬಹುದಾದ ಮೂಲ ಧ್ವನಿಮುದ್ರಣಕ್ಕೆ, ಅಂದರೆ ಮಾಸ್ಟರ್‌ಗೆ ಕೊಡುವ ಬೆಲೆ ಇನ್ನೊಂದು.

ಈ ದಾರಿಗೆ ತೆರಬೇಕಾದ ಬೆಲೆಯೂ ಇದೆ. ಆಲಿಸ್ ಇನ್ ಚೇನ್ಸ್‌ನ ಜೆರ‍್ರಿ ಕ್ಯಾಂಟ್ರೆಲ್ 1998ರಲ್ಲಿ ತಮ್ಮ ಮೊದಲ ಸೋಲೋ ಆಲ್ಬಂ ತಂದದ್ದು ಬ್ಯಾಂಡ್‌ನ ಲೇಬಲ್ ಆಗಿದ್ದ ಕೊಲಂಬಿಯಾದಿಂದಲೇ. ಎರಡನೆಯದಕ್ಕೆ ಆ ಆಸರೆ ಉಳಿಯಲಿಲ್ಲ. ಮನೆಯನ್ನು ಅಡವಿಟ್ಟು ಕೆಲಸ ಮುಗಿಸಿದರು. ಎರಡು ಡಿಸ್ಕ್ ತುಂಬುವಷ್ಟು ಹಾಡುಗಳಿದ್ದವು. 2002ರಲ್ಲಿ ಅದನ್ನು ಕೊಂಡ ರೋಡ್‌ರನ್ನರ್ ಮೊದಲು ಒಂದೇ ಡಿಸ್ಕ್ ಬಿಡುಗಡೆ ಮಾಡಿತು, ಅದೇ ವರ್ಷದ ಕೊನೆಯಲ್ಲಿ ಪೂರ್ಣ ರೂಪ ಹೊರಬಂತು. ಆಲ್ಬಂನ ಉದ್ದ, ಹಾಡುಗಳ ಆಯ್ಕೆ, ಅಂತಿಮ ಮಿಶ್ರಣ ಇವನ್ನು ಯಾರು ನಿರ್ಧರಿಸುತ್ತಾರೆ ಎಂಬುದು ಸ್ವಂತ ಹಣ ಹಾಕಿದವರ ಕರಾರಿನಲ್ಲಿಯೂ ಬಿಟ್ಟುಹೋಗಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಮನೆ ಅಡವಿಡಿ ಎಂದು ಮಾತ್ರ ಯಾರಿಗೂ ಹೇಳಲಾರೆ.

ಗನ್ಸ್ ಅಂಡ್ ರೋಸಸ್ ಬ್ಯಾಂಡಿನ ಖ್ಯಾತಿಯ ಸ್ಲ್ಯಾಶ್ 2010ರ ಸೋಲೋ ಆಲ್ಬಂ ಅನ್ನು ಸ್ವಂತ ಲೇಬಲ್ ಹೆಸರಿನಲ್ಲಿ ಹೊರತಂದು, ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡರು. ಜೋ ಬೊನಾಮಾಸ್ಸಾ ತಮ್ಮ ವ್ಯವಸ್ಥಾಪಕರೊಡನೆ ಕಟ್ಟಿದ ಕಂಪನಿಯ ಮೂಲಕ ಅಮೆರಿಕದಲ್ಲಿ ಆಲ್ಬಂಗಳನ್ನು ಪ್ರಕಟಿಸುತ್ತ, ಯುರೋಪಿಗೆ ನೆದರ್ಲೆಂಡ್ಸ್‌ನ ಪ್ರೊವೋಗ್ ಲೇಬಲ್ ಅನ್ನು ಆಶ್ರಯಿಸಿದರು. ಈಗಾಗಲೇ ಹೆಸರಿರುವ ವಾದಕರಿಗೆ ನಾನು ಸೂಚಿಸುವುದು ಬಹುಮಟ್ಟಿಗೆ ಈ ಮಾದರಿಯನ್ನೇ. ಮಾಸ್ಟರ್‌ನ ಒಡೆತನ ನಿಮ್ಮಲ್ಲೇ ಇರಲಿ, ಇಂತಿಷ್ಟು ವರ್ಷಗಳಿಗೆ, ಇಂತಿಂಥ ಪ್ರದೇಶಗಳಿಗೆ ಬಳಕೆಯ ಹಕ್ಕು ಕೊಡಿ. ಇಂಥ ಪರವಾನಗಿ ಒಪ್ಪಂದದಲ್ಲಿ ಮುಂಗಡ ಸಣ್ಣದು, ಆದರೆ ಆದಾಯದಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಪಾಲು ಕೇಳಲು ಸಾಧ್ಯ. ಹೊಸಬರಿಗೆ ಇದು ಅಷ್ಟು ಸುಲಭವಲ್ಲ. ನಾಲ್ಕು ಪ್ರದೇಶಗಳ ನಾಲ್ಕು ಕಂಪನಿಗಳನ್ನು ನಿಭಾಯಿಸಲು ಒಬ್ಬ ಪೂರ್ಣಾವಧಿ ವ್ಯವಸ್ಥಾಪಕರು ಬೇಕು, ಅವರ ಸಂಬಳವನ್ನು ಯಾವ ಮುಂಗಡವೂ ಕೊಡುವುದಿಲ್ಲ.

ಗಿಟಾರ್ ವಾದಕರಿಗೆ ಮಾತ್ರ ಇರುವ ಒಂದು ಆದಾಯದ ಮೂಲವನ್ನು ಕರಾರು ಓದುವವರು ಸುಲಭವಾಗಿ ಮರೆಯುತ್ತಾರೆ. ಅವರ ಹೆಸರಿನಲ್ಲಿ ಬರುವ ಗಿಟಾರ್ ಮಾದರಿ, ಆಂಪ್ಲಿಫೈಯರ್, ಪೆಡಲ್, ತಂತಿ, ಟ್ಯಾಬ್ (ಗಿಟಾರ್ ಸ್ವರಲಿಪಿ) ಪುಸ್ತಕ, ಪಾಠದ ವಿಡಿಯೋ, ಕಾರ್ಯಾಗಾರ. ಅನೇಕರಿಗೆ ಆಲ್ಬಂಗಿಂತ ಸ್ಥಿರವಾದ ವರಮಾನ ಇದರಿಂದಲೇ. ಬ್ರಿಟಿಷ್ ಗಾಯಕ ರಾಬಿ ವಿಲಿಯಮ್ಸ್ ಮತ್ತು ಇಎಂಐ ಲೇಬಲ್ ನಡುವಿನ 2002ರ ಒಪ್ಪಂದದ ನಂತರ ಕಲಾವಿದರ ಎಲ್ಲ ಆದಾಯದಲ್ಲೂ ಪಾಲು ಕೇಳುವ ಪದ್ಧತಿ ಬೇರೂರಿತು. ಪ್ರವಾಸದ ಟಿಕೆಟ್, ಟಿ-ಶರ್ಟ್‌ಗಳಲ್ಲಿ ಪಾಲು ಕೇಳುವ ಲೇಬಲ್ ಅವುಗಳ ಮಾರಾಟಕ್ಕೆ ತಾನೂ ದುಡಿದಿದ್ದೇನೆ ಎನ್ನಬಹುದು. ಗಿಟಾರ್ ತಯಾರಕರೊಡನೆ ವಾದಕರು ಹದಿನೈದು ವರ್ಷಗಳಿಂದ ಬೆಳೆಸಿಕೊಂಡ ಸಂಬಂಧಕ್ಕೆ ಲೇಬಲ್ ಮಾಡಿದ್ದೇನು? ಕರಡಿನಲ್ಲಿ ‘ಮನರಂಜನಾ ಕ್ಷೇತ್ರದ ಎಲ್ಲ ಆದಾಯ’ ಎಂಬ ಅಗಲವಾದ ಮಾತು ಕಂಡರೆ ವಾದ್ಯ ಮತ್ತು ಬೋಧನೆಗೆ ಸಂಬಂಧಿಸಿದ ಎಲ್ಲವನ್ನೂ ಹೆಸರಿಸಿ ಹೊರಗಿಡಿಸುತ್ತೇನೆ. ಪಾಲು ಕೊಡಲೇಬೇಕಾದರೆ ಲೇಬಲ್ ತಾನೇ ತಂದುಕೊಟ್ಟ ಹೊಸ ಅವಕಾಶಗಳಿಗಷ್ಟೇ. ವಾದ್ಯ ತಯಾರಕರೇ ಲೇಬಲ್ ಆದರೆ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ: ಗಿಬ್ಸನ್ ಕಂಪನಿ ಆರಂಭಿಸಿದ ಗಿಬ್ಸನ್ ರೆಕಾರ್ಡ್ಸ್‌ನ ಮೊದಲ ಆಲ್ಬಂ 2022ರಲ್ಲಿ ಬಂದ ಸ್ಲ್ಯಾಶ್ ಅವರದೇ. ಇಂಥ ಕಡೆ ಗಿಟಾರ್ ಒಪ್ಪಂದ ಮತ್ತು ಆಲ್ಬಂ ಒಪ್ಪಂದ ಎರಡೂ ಬೇರೆ ಕಾಗದಗಳಲ್ಲಿರಬೇಕು, ಒಂದು ಮುರಿದರೆ ಇನ್ನೊಂದು ಉಳಿಯುವಂತಿರಬೇಕು.

ಗೆಳೆಯರ ಆಲ್ಬಂಗಳಲ್ಲಿ ನುಡಿಸುವ ಸ್ವಾತಂತ್ರ್ಯವನ್ನೂ ಬರೆಸಿಕೊಳ್ಳಿ. ಗಾಯಕರಿಗಿಂತ ವಾದಕರಿಗೆ ಇಂಥ ಕರೆಗಳು ಹೆಚ್ಚು, ಪ್ರತಿ ಸಲವೂ ಲೇಬಲ್‌ನ ಅನುಮತಿಗೆ ಕಾಯುವುದು ಕಷ್ಟ.

ಲೇಬಲ್‌ಗಳ ಲೆಕ್ಕಾಚಾರ ಗಿಟಾರ್ ವಾದಕರ ವಿಷಯದಲ್ಲಿ ಎಷ್ಟು ತಪ್ಪಬಹುದು ಎಂಬುದಕ್ಕೆ ಕಿಸ್ ಬ್ಯಾಂಡಿನ ಪ್ರಸಂಗವನ್ನು ನಾನು ಆಗಾಗ ಎತ್ತುತ್ತೇನೆ. 1978ರ ಸೆಪ್ಟೆಂಬರ್ 18ರಂದು ಕಾಸಾಬ್ಲಾಂಕಾ ರೆಕಾರ್ಡ್ಸ್ ನಾಲ್ವರು ಸದಸ್ಯರ ನಾಲ್ಕು ಸೋಲೋ ಆಲ್ಬಂಗಳನ್ನು ಒಂದೇ ದಿನ ಬಿಡುಗಡೆ ಮಾಡಿತು. ಭಾರಿ ಸಂಖ್ಯೆಯಲ್ಲಿ ಅಂಗಡಿಗಳಿಗೆ ಹೋದ ಪ್ರತಿಗಳಲ್ಲಿ ಬಹಳಷ್ಟು ಹಿಂದಿರುಗಿ ಬಂದವು. ಹಾಡುಗಾರರಾಗಿ ಮುಂಚೂಣಿಯಲ್ಲಿದ್ದವರು ಪಾಲ್ ಸ್ಟ್ಯಾನ್ಲಿ ಮತ್ತು ಜೀನ್ ಸಿಮನ್ಸ್. ನಾಲ್ಕರಲ್ಲಿ ದೊಡ್ಡ ಜನಪ್ರಿಯ ಹಾಡು ಹುಟ್ಟಿದ್ದು ಗಿಟಾರ್ ವಾದಕ ಏಸ್ ಫ್ರೇಲಿ ಅವರ ಆಲ್ಬಂನಿಂದ, ಅದು ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 13ನೇ ಸ್ಥಾನ ತಲುಪಿತು. ಬ್ಯಾಂಡ್ ಬಿಟ್ಟ ಮೇಲೆ 1987ರಲ್ಲಿ ಅವರ ಹೊಸ ತಂಡಕ್ಕೆ ಜಾಗ ಕೊಟ್ಟದ್ದು ಮೆಗಾಫೋರ್ಸ್ ಎಂಬ ಸ್ವತಂತ್ರ ಲೇಬಲ್. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರದೂ ಹೇಳಬೇಕಾದ ಉದಾಹರಣೆ. ಬ್ಯಾಂಡ್ ಸಿಬಿಎಸ್ ಲೇಬಲ್ ಜೊತೆಗಿದ್ದಾಗ ಅವರ 1988ರ ಸೋಲೋ ಆಲ್ಬಂ ವರ್ಜಿನ್‌ನಿಂದ ಬಂತು. 1991ರಲ್ಲಿ ಇಡೀ ಬ್ಯಾಂಡ್ ಅದೇ ವರ್ಜಿನ್ ಜೊತೆ ಸಹಿ ಹಾಕಿತು.

ಮಾತುಕತೆಯ ಕೊನೆಯ ಸುತ್ತಿನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಎರಡು ಷರತ್ತುಗಳ ಮೇಲೆ. ನಿಮ್ಮನ್ನು ನಂಬಿ ಕರೆತಂದ ಅಧಿಕಾರಿ ಕಂಪನಿ ಬಿಟ್ಟರೆ ನೀವೂ ಹೊರಬರಬಹುದು ಎಂಬುದು ಒಂದು. ದೊಡ್ಡ ಲೇಬಲ್‌ಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಎರಡನೆಯದನ್ನು ಬಿಡಬೇಡಿ: ಮುಗಿದ ಆಲ್ಬಂ ಒಪ್ಪಿಸಿದ ಇಂತಿಷ್ಟು ದಿನಗಳಲ್ಲಿ, ಇಂತಿಂಥ ದೇಶಗಳಲ್ಲಿ ಬಿಡುಗಡೆ ಮಾಡುತ್ತೇವೆ ಎಂಬ ಲಿಖಿತ ಬದ್ಧತೆ. ತಪ್ಪಿದರೆ ನೋಟಿಸ್ ಕೊಡುವ ಹಕ್ಕು, ನೋಟಿಸ್‌ನ ಅವಧಿಯಲ್ಲೂ ಬಿಡುಗಡೆ ಆಗದಿದ್ದರೆ ಕರಾರು ಕೊನೆಗೊಳಿಸುವ ಹಕ್ಕು. ಇಷ್ಟಕ್ಕೇ ನಿಲ್ಲಿಸಿದರೆ ನೀವು ಹೊರಬರುತ್ತೀರಿ, ಆಲ್ಬಂ ಅವರ ಗೋದಾಮಿನಲ್ಲಿ ಉಳಿಯುತ್ತದೆ. ಆದ್ದರಿಂದ ಮಾಸ್ಟರ್ ಅನ್ನು ಧ್ವನಿಮುದ್ರಣಕ್ಕೆ ತಗುಲಿದ ವೆಚ್ಚ ಕೊಟ್ಟು ಮರಳಿ ಪಡೆಯಬಹುದು ಎಂಬ ಸಾಲನ್ನೂ ಸೇರಿಸಿ. ಆ ವೆಚ್ಚವನ್ನು ಹೊಸ ಲೇಬಲ್‌ನ ಆದಾಯದಿಂದ ಹಂತಹಂತವಾಗಿ ತೀರಿಸಲು ಅವಕಾಶ ಇರಲಿ. ಹಿಂದಿನ ಲೇಬಲ್‌ಗೆ ಒಮ್ಮೆಲೇ ಕೊಡಲು ಅಷ್ಟು ಹಣ ವಾದಕರ ಕೈಯಲ್ಲಿ ಇರುವುದು ತೀರ ಅಪರೂಪ.