ಫೆರೋಸೀನ್ ಗಾಳಿಗೆ ಕೆಡಲ್ಲ, ಹಾಗಿದ್ರೆ ಮಾಡುವಾಗ ನೈಟ್ರೋಜನ್ ಯಾಕೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಫೆರೋಸೀನ್ ಮಾಡಿದೆವು. ನೈಟ್ರೋಜನ್ ಹರಿಸುತ್ತಲೇ ಮಾಡಬೇಕು, ಗಾಳಿ ಸೋಕಬಾರದು ಅಂದರು ಮೇಡಂ. ಆದರೆ ಕೊನೆಗೆ ಸಿಕ್ಕ ಪುಡಿಯನ್ನು ಬಯಲಲ್ಲೇ ಸೋಸಿ ಒಣಗಿಸಿದೆವು. ಗಾಳಿಗೆ ಕೆಡದ ವಸ್ತುವಿಗೆ ಇಷ್ಟು ಕಾವಲು ಯಾಕೆ?

ಉತ್ತರ: ಫೆರೋಸೀನ್ ಅಂದರೆ ಎರಡು ಕಾರ್ಬನ್ ಬಳೆಗಳ ನಡುವೆ ಕಬ್ಬಿಣ ಕೂತಿರುವ ಕಿತ್ತಳೆ ಬಣ್ಣದ ವಸ್ತು. ಆ ಕಾವಲು ಅದಕ್ಕೆ ಅಲ್ಲ. ಅದಾಗುವ ಮೊದಲು ಫ್ಲಾಸ್ಕ್‌ನಲ್ಲಿ ಇರುವ ಎರಡು ಸಾಮಾನುಗಳಿಗೆ.

ಮೊದಲನೆಯದು ಸೈಕ್ಲೋಪೆಂಟಾಡೈಯೀನ್. ಐದು ಕಾರ್ಬನ್‌ಗಳ ಬಳೆ. ಬಾಟಲಿಯಲ್ಲಿ ಬರುವುದು ಎರಡೆರಡು ಬಳೆ ಅಂಟಿಕೊಂಡ ಜೋಡಿ. ಸುಮಾರು 170 ಡಿಗ್ರಿಗೆ ಕಾಯಿಸಿದರೆ ಜೋಡಿ ಬಿಡುತ್ತದೆ, ಬಿಡಿ ಬಳೆ 41 ಡಿಗ್ರಿ ಹತ್ತಿರ ಬಟ್ಟಿ ಇಳಿದು ಬರುತ್ತದೆ. ಸುಮ್ನೆ ಇಟ್ಟರೆ ಮತ್ತೆ ಅಂಟಿಕೊಳ್ಳುತ್ತದೆ. ಅದಕ್ಕೇ ಅವತ್ತೇ ಇಳಿಸಿ ಅವತ್ತೇ ಬಳಸುವುದು. ಇದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪುಡಿ ಹಾಕಿದರೆ ಬಳೆಯಿಂದ ಒಂದು ಪ್ರೋಟಾನ್ ಕಳಚುತ್ತದೆ. ಬರೀ ಹೈಡ್ರೋಜನ್, ಕಾರ್ಬನ್ ಇರುವ ವಸ್ತು ಹೆಚ್ಚುಕಡಿಮೆ ನೀರಿನಷ್ಟೇ ಸುಲಭವಾಗಿ ಪ್ರೋಟಾನ್ ಬಿಡುತ್ತದೆ ಅಂದರೆ ಆಶ್ಚರ್ಯ ಅಲ್ವಾ? ಬಿಟ್ಟ ಮೇಲೆ ಬಳೆಯ ಸುತ್ತ ಓಡಾಡೋಕೆ ಆರು ಎಲೆಕ್ಟ್ರಾನ್ ಸಿಗುತ್ತವೆ, ಬೆಂಜೀನ್‌ನಲ್ಲಿ ಇರುವ ಹಾಗೆ. ಆ ಲಾಭಕ್ಕಾಗಿ ಬಿಡುತ್ತದೆ. ಆದರೆ ಈ ಋಣ ಅಯಾನಿಗೆ ಆಕ್ಸಿಜನ್ ಆಗಿಬರಲ್ಲ. ಗಾಳಿ ಸೇರಿತೋ, ದ್ರಾವಣ ಕಂದಾಗಿ ಹಾಳಾಗುತ್ತದೆ.

ಎರಡನೆಯದು ಕಬ್ಬಿಣ. ನಮಗೆ ಬೇಕಾದದ್ದು ಫೆರಸ್, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಪ್ರತ್ಯಾಮ್ಲದಲ್ಲಿ ಅದು ಗಾಳಿಗೆ ಬಲುಬೇಗ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಪ್ರನಾಳದಲ್ಲಿ ಫೆರಸ್ ಕ್ಲೋರೈಡ್ ದ್ರಾವಣ ತಗೊಂಡು ಕ್ಷಾರದ ನಾಲ್ಕು ಹನಿ ಬಿಡಿ. ಕೊಳಕು ಹಸಿರು ಬಣ್ಣದ ಗಷ್ಟು ಬರುತ್ತದೆ. ಹಾಗೇ ಬಿಟ್ಟು ನೋಡುತ್ತಿರಿ. ಗಾಳಿ ತಾಗುವ ಮೇಲಿನ ಅಂಚಿನಲ್ಲಿ ತುಕ್ಕಿನ ಬಣ್ಣ ಕಾಣಿಸಿಕೊಂಡು ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ನೈಟ್ರೋಜನ್ ನಿಂತರೆ ನಿಮ್ಮ ಫ್ಲಾಸ್ಕ್‌ನಲ್ಲೂ ಇದೇ ಆಗುವುದು.

ಇಲ್ಲಿ ಒಬ್ಬರಾದರೂ ಕೇಳುತ್ತಾರೆ: 1951ರಲ್ಲಿ ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದಲ್ಲಿ ಕೀಲಿ ಮತ್ತು ಪಾಸನ್ ಫೆರಿಕ್ ಕ್ಲೋರೈಡ್ ಹಾಕಿಯೇ ಮಾಡಿದರಲ್ಲ? ನಿಜ. ಅವರ ಗುರಿ ಫೆರೋಸೀನ್ ಆಗಿರಲೇ ಇಲ್ಲ. ಎರಡು ಬಳೆ ಸೇರಿಸಿ ಫುಲ್ವಲೀನ್ ಮಾಡಬೇಕು ಅಂತ ಹೊರಟಿದ್ದರು. ಅವರು ಬಳಸಿದ ಗ್ರಿನ್ಯಾರ್ ಕಾರಕವೇ (ಬಳೆಗೆ ಮೆಗ್ನೀಸಿಯಂ ಸೇರಿದ ವಸ್ತು) ಫೆರಿಕ್ ಅನ್ನು ಫೆರಸ್‌ಗೆ ಇಳಿಸಿತು. ಕೈಗೆ ಬಂದದ್ದು ಕಿತ್ತಳೆ ಬಣ್ಣದ ಪುಡಿ. ಕಬ್ಬಿಣ ಎರಡು ಬಳೆಗಳ ನಡುವೆ ಸ್ಯಾಂಡ್‌ವಿಚ್ ಥರ ಕೂತಿದೆ ಅಂತ ಗೊತ್ತಾದದ್ದು 1952ರಲ್ಲಿ, ಹಾರ್ವರ್ಡ್‌ನಲ್ಲಿ ವಿಲ್ಕಿನ್ಸನ್ ಮತ್ತು ವುಡ್‌ವರ್ಡ್ ತಂಡದಿಂದ, ಮ್ಯೂನಿಕ್‌ನಲ್ಲಿ ಫಿಷರ್ ಅವರಿಂದ. ಫಿಷರ್, ವಿಲ್ಕಿನ್ಸನ್ ಇಬ್ಬರಿಗೂ 1973ರಲ್ಲಿ ನೊಬೆಲ್ ಬಂತು.

ಇನ್ನು, ಆದ ಮೇಲೆ ಯಾಕೆ ಕೆಡಲ್ಲ? ಲೆಕ್ಕ ಹಾಕಿ. ಫೆರಸ್ ಕಬ್ಬಿಣದ 6 ಎಲೆಕ್ಟ್ರಾನ್, ಒಂದೊಂದು ಬಳೆಯಿಂದ 6. ಒಟ್ಟು 18. ಬಂಧ ಗಟ್ಟಿ ಮಾಡುವ ಜಾಗಗಳೆಲ್ಲ ತುಂಬಿದವು, ಬಂಧ ಸಡಿಲಿಸುವ ಜಾಗಗಳು ಖಾಲಿ. ಕಬ್ಬಿಣದ ಬದಲು ಕೋಬಾಲ್ಟ್ ಇಟ್ಟರೆ 19. ಆ ಒಂದು ಜಾಸ್ತಿ ಎಲೆಕ್ಟ್ರಾನ್ ಬಂಧ ಸಡಿಲಿಸುವ ಜಾಗಕ್ಕೇ ಹೋಗಬೇಕು. ಹಾಗಾಗಿ ಕೋಬಾಲ್ಟೋಸೀನ್ ಅದನ್ನು ಗಾಳಿಗೆ ಕೊಟ್ಟು 18ಕ್ಕೆ ಇಳಿಯುತ್ತದೆ. ಅದನ್ನು ಬಯಲಲ್ಲಿ ಇಡೋ ಹಾಗೇ ಇಲ್ಲ.

ಆದರೆ ದಯವಿಟ್ಟು "18 ಇದ್ದರೆ ಸ್ಥಿರ" ಅಂತ ಬಾಯಿಪಾಠ ಮಾಡಬೇಡಿ. ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ನಿಕಲ್ ಕಾರ್ಬೊನಿಲ್‌ಗೂ (ನಿಕಲ್‌ಗೆ ನಾಲ್ಕು ಕಾರ್ಬನ್ ಮಾನಾಕ್ಸೈಡ್ ಅಂಟಿದ ವಸ್ತು) 18 ಇದೆ. ಆದರೂ ಅದು ಸುಲಭವಾಗಿ ಬೆಂಕಿ ಹತ್ತುವ ಘೋರ ವಿಷ. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಅಣು ಒಂದೇ ಕೈಯಲ್ಲಿ ಲೋಹ ಹಿಡಿದಿರುತ್ತದೆ. ಬಿಟ್ಟು ಹೋಗುವುದೂ ಸುಲಭ, ಹೋದ ಜಾಗಕ್ಕೆ ಬೇರೆ ಏನಾದರೂ ನುಗ್ಗುವುದೂ ಸುಲಭ. ಫೆರೋಸೀನ್‌ನಲ್ಲಿ ಒಂದೊಂದು ಬಳೆಯೂ ಐದು ಕಾರ್ಬನ್‌ಗಳಿಂದ ಕಬ್ಬಿಣವನ್ನು ಹಿಡಿದಿದೆ. ಒಂದು ಬೆರಳು ಸಡಿಲಾದರೂ ನಾಲ್ಕು ಬಿಡಲ್ಲ.

ಕೆಡಲ್ಲ ಅಂದಮಾತ್ರಕ್ಕೆ ಸೋಮಾರಿ ಅಂತಲ್ಲ. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಬರೀ ಫಾಸ್ಫಾರಿಕ್ ಆಮ್ಲ ಸಾಕು, ಅಸಿಟೈಲ್ ಗುಂಪು ಬಳೆಗೆ ಕೂತುಬಿಡುತ್ತದೆ. ಬೆಂಜೀನ್ ಇಷ್ಟು ಸುಲಭಕ್ಕೆ ಒಪ್ಪಲ್ಲ. ಮತ್ತೆ, ಒಂದು ಎಲೆಕ್ಟ್ರಾನ್ ಕಿತ್ತರೆ ಕಿತ್ತಳೆ ಬಣ್ಣ ಹೋಗಿ ನೀಲಿ ಫೆರೋಸೀನಿಯಂ ಆಗುತ್ತದೆ. ಕೊನೆಯಲ್ಲಿ ಮಿಶ್ರಣವನ್ನು ಆಮ್ಲ ಹಾಕಿದ ಮಂಜುಗಡ್ಡೆಗೆ ಸುರಿದಿರಲ್ಲ, ಆಗ ಸೋಸಿದ ನೀರು ಸ್ವಲ್ಪ ನೀಲಿ ಇತ್ತಾ? ಅದೇ ಇದು. ಆಮ್ಲದ ಜೊತೆ ಗಾಳಿ ಸೇರಿದರೆ ಫೆರೋಸೀನ್ ಕೂಡ ಸ್ವಲ್ಪ ಸೋಲುತ್ತದೆ. ಹಾಗಾಗಿ ಸೋಸುವಾಗ ತಡ ಮಾಡಬೇಡಿ, ಪುಡಿಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ.

ಒಣಗಿಸೋಕೆ ಬಿಸಿ ಓವನ್‌ಗೆ ಮಾತ್ರ ಇಡಬೇಡಿ. ಫೆರೋಸೀನ್ ಕರಗುವುದು 173 ಡಿಗ್ರಿ ಹತ್ತಿರ, ಆದರೆ 100 ದಾಟಿದರೆ ಸಾಕು, ಕರ್ಪೂರದ ಹಾಗೆ ಕರಗದೆಯೇ ಆವಿಯಾಗುತ್ತದೆ. ವಾಸನೆಯೂ ಹೆಚ್ಚುಕಡಿಮೆ ಕರ್ಪೂರದ್ದೇ. ಶುದ್ಧ ಮಾಡೋಕೆ ಇದೇ ಗುಣ ಬಳಸಿ: ಪುಡಿಯನ್ನು ಪೆಟ್ರಿ ತಟ್ಟೆಯಲ್ಲಿ ಹರಡಿ, ಇನ್ನೊಂದು ತಟ್ಟೆ ಮುಚ್ಚಿ, ಹಾಟ್‌ಪ್ಲೇಟ್ ಮೇಲೆ ಮೆಲ್ಲಗೆ ಬಿಸಿ ಮಾಡಿ. ಕಸ ಕೆಳಗೇ ಉಳಿದು, ಮೇಲಿನ ತಣ್ಣನೆ ಗಾಜಿಗೆ ಕಿತ್ತಳೆ ಹರಳುಗಳು ಬಂದು ಕೂರುತ್ತವೆ.